ಮಸಾರಿ ಹೊಲದಲ್ಲಿ ಊಟದ ಲೆಕ್ಕ

ನಮ್ಮೂರಿನಲ್ಲಿ ಈಗ ಪುಂಡಿಪಲ್ಯವನ್ನೂ ಸಂತೆಯಿಂದ ತರುತ್ತಾರೆ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದ ಊರು ನಮ್ಮದು. ಎತ್ತ ನೋಡಿದರೂ ಹೊಲ. ಹೆಚ್ಚಿನ ಮನೆಗಳಿಗೆ ಎರಡೋ ಮೂರೋ ಎಕರೆ ಇದೆ. ಆದರೆ ವಾರದ ಸಂತೆಯಲ್ಲಿ ಪುಂಡಿ ಸಿವುಡಿಗೆ ಚೌಕಾಸಿ ಮಾಡಿ, ಕೈಚೀಲಕ್ಕೆ ಹಾಕಿಕೊಂಡು ಬಸ್ ಹತ್ತುವವರು ಇದೇ ಹೊಲಗಳ ಒಡೆಯರು. ಮನೆಯಲ್ಲಿ ರೇಷನ್ ಅಕ್ಕಿ ಇದೆ. ಯಾರೂ ಹಸಿದು ಮಲಗುವುದಿಲ್ಲ, ಅದು ಸಣ್ಣ ಮಾತಲ್ಲ. ಆದರೂ ಬರೀ ಬೀಜ ಚೆಲ್ಲಿದರೆ ಬದುವಿನ ಮೇಲೆ ತಾನೇ ಬೆಳೆಯುವ ಸೊಪ್ಪಿಗೆ ರೈತನ ಮನೆಯವರು ದುಡ್ಡು ಕೊಡುವ ಸ್ಥಿತಿ ಹೇಗೆ ಬಂತು ಅಂತ ಕೇಳಿಕೊಂಡರೆ ಆಹಾರ ಭದ್ರತೆ ಅನ್ನೋ ದೊಡ್ಡ ಮಾತಿನ ಅರ್ಥ ತಾನಾಗೇ ಬಿಚ್ಚಿಕೊಳ್ಳುತ್ತದೆ.

1996ರಲ್ಲಿ ರೋಮ್‌ನಲ್ಲಿ ವಿಶ್ವ ಆಹಾರ ಶೃಂಗಸಭೆ ನಡೆಯಿತು. ಆಹಾರ ಭದ್ರತೆ ಅಂದರೆ ಏನು ಅಂತ ಅಲ್ಲಿ ಒಂದು ವ್ಯಾಖ್ಯೆ ಕೊಟ್ಟರು, ಈಗಲೂ ಎಲ್ಲರೂ ಅದನ್ನೇ ಹಿಡಿದಿದ್ದಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೇಳಬೇಕಾದ ಪ್ರಶ್ನೆ ನಾಲ್ಕು. ಕಾಳು ಇದೆಯಾ? ಅದು ಎಲ್ಲರ ಕೈಗೂ ಸಿಗುತ್ತಾ? ತಿಂದದ್ದು ಮೈಗೆ ಹತ್ತುತ್ತಾ? ಮುಂದಿನ ವರ್ಷವೂ ಇರುತ್ತಾ? ಸರ್ಕಾರಗಳು ಮೊದಲ ಎರಡಕ್ಕೆ ಬೇಗ ಉತ್ತರ ಕೊಡುತ್ತವೆ, ಯಾಕಂದರೆ ಚೀಲ ಎಣಿಸುವುದು ಸುಲಭ. ಕೊನೆಯ ಎರಡು ಹೊಲಕ್ಕೆ, ಒಲೆಗೆ ಸಂಬಂಧಿಸಿದ್ದು. ಅವೇ ನಮ್ಮ ಕಡೆ ಕೈತಪ್ಪುತ್ತಿರುವುದು.

ಬುಡಕಟ್ಟು ಜನ ಅಂದ ಕೂಡಲೇ ತಲೆಗೆ ಬರುವುದು ನಾಗರಹೊಳೆ ಕಾಡು, ಜೇನು ಕುರುಬರು, ಬಿಳಿಗಿರಿಯ ಸೋಲಿಗರು ಅಲ್ವಾ? 2011ರ ಜನಗಣತಿ ತೆಗೆದು ನೋಡಿ. ರಾಯಚೂರು ಜಿಲ್ಲೆಯಲ್ಲಿ ನೂರಕ್ಕೆ 19 ಜನ ಪರಿಶಿಷ್ಟ ಪಂಗಡದವರು. ಬಳ್ಳಾರಿಯಲ್ಲಿ 18ರ ಮೇಲೆ, ಕೊಪ್ಪಳದಲ್ಲಿ 12ರ ಹತ್ತಿರ. ಇವರಲ್ಲಿ ಬಹುಪಾಲು ನಾಯಕರು, ಅಂದರೆ ಬೇಡರು, ವಾಲ್ಮೀಕಿಗಳು. ನಮ್ಮ ಮನೆಯೂ ಅದೇ. ನಮ್ಮ ಪಕ್ಕದ ತಾಂಡಾದ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ! ಕಾಗದದ ಗೆರೆ ಏನೇ ಇರಲಿ, ನಮ್ಮ ಹೊಲವೂ ಅವರ ಹೊಲವೂ ಒಂದೇ ಥರ. ತೆಳು ಕೆಂಪು ಮಣ್ಣು, ಒಂದಿಷ್ಟು ಗರಸು, ಮಳೆ ಬಿಟ್ಟರೆ ಬೇರೆ ನೀರಿಲ್ಲ. ಇಂಥ ನೆಲದಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಹಿಂದಿನವರು ಕಂಡುಕೊಂಡಿದ್ದ ಉಪಾಯವೇ ಅಕ್ಕಡಿ ಸಾಲು, ಅಂದರೆ ಮುಖ್ಯ ಬೆಳೆಯ ಸಾಲುಗಳ ನಡುವೆ ಬೇರೆ ಬೆಳೆಗಳನ್ನೂ ಬಿತ್ತುವುದು.

ನಮ್ಮ ಅಜ್ಜ ಬಿತ್ತುತ್ತಿದ್ದ ರೀತಿ ಹೇಳಿದರೆ ಇದು ಗೊತ್ತಾಗುತ್ತದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅನ್ನುತ್ತಾರಲ್ಲ, ಆ ಮಳೆಯೋ ಅದರ ಹಿಂದೆಯೇ ಬರುವ ಮೃಗಶಿರವೋ ಬಿದ್ದು ನೆಲ ಹದಕ್ಕೆ ಬಂದರೆ ಕೂರಿಗೆ ಹೂಡುವುದು. ಅಜ್ಜ ಎತ್ತು ಹೊಡೆಯುತ್ತಿದ್ದ. ಅಜ್ಜಿ ಕೂರಿಗೆ ಬಟ್ಟಲಿಗೆ ಸಜ್ಜೆ ಬಿಡುತ್ತಿದ್ದಳು. ಹಿಂದೆ ಹಗ್ಗಕ್ಕೆ ಕಟ್ಟಿದ ಸಡ್ಡೆಯಲ್ಲಿ ದೊಡ್ಡವ್ವ ತೊಗರಿ ಬಿಡುತ್ತಾ ಬರುತ್ತಿದ್ದಳು. ಹೀಗೆ ಸಜ್ಜೆಯ ಕೆಲವು ಸಾಲಿಗೆ ಒಂದು ತೊಗರಿ ಸಾಲು. ಆ ತೊಗರಿಯ ಜೊತೆಗೇ ಹೆಸರು, ಅಲಸಂದಿ, ಮಡಕಿ ಕಾಳು, ಒಂದು ಹಿಡಿ ಪುಂಡಿ ಬೀಜ ಕಲಸಿರುತ್ತಿತ್ತು. ಬದುವಿನ ಗುಂಟ ಔಡಲ. ಒಂದು ಅಂಚಿಗೆ ಎಳ್ಳು, ಇನ್ನೊಂದು ಅಂಚಿಗೆ ಗುರೆಳ್ಳು. ಹೊಲ ನೋಡಿದರೆ ಯಾರೋ ಕಾಳಿನ ಅಂಗಡಿ ಚೆಲ್ಲಿದ ಹಾಗೆ ಕಾಣುತ್ತಿತ್ತು.

ಆದರೆ ಅದರೊಳಗೆ ಒಂದು ಕ್ಯಾಲೆಂಡರ್ ಇತ್ತು. ತಿಂಗಳೊಪ್ಪತ್ತಿಗೆ ಪುಂಡಿ ಎಲೆ ಚಿವುಟಬಹುದು. 60–65 ದಿನಕ್ಕೆ ಹೆಸರು ಕಾಯಿ ಬಿಡಿಸಲು ಬರುತ್ತದೆ. ಅದು ಶ್ರಾವಣದ ಹೊತ್ತು, ಹಳೆ ಜೋಳ ತಳ ಕಂಡು ಹೊಸ ಬೆಳೆ ಇನ್ನೂ ಬಾರದೆ ಬಡವರ ಮನೆಯಲ್ಲಿ ಒಲೆ ತಣ್ಣಗಾಗುವ ತಿಂಗಳು. ಸರಿಯಾಗಿ ಆಗಲೇ ಹೆಸರು ಕೈಗೆ ಸಿಗುವಂತೆ ಇಟ್ಟಿದ್ದಾರೆ ನೋಡಿ. 80–90 ದಿನಕ್ಕೆ ಸಜ್ಜೆ ಕೊಯ್ಲು, ಹಾಕಿದ್ದರೆ ನವಣೆಯೂ. ಸಜ್ಜೆ ತೆಗೆದ ಮೇಲೆ ತೊಗರಿಗೆ ಬಿಸಿಲು, ಗಾಳಿ, ಜಾಗ ಎಲ್ಲ ಸಿಕ್ಕು ಅದು ಕವಲೊಡೆದು ಹರಡಿಕೊಳ್ಳುತ್ತದೆ, ಡಿಸೆಂಬರ್–ಜನವರಿ ಹೊತ್ತಿಗೆ ಕಾಯಿ ಬಲಿಯುತ್ತದೆ. ಒಂದೇ ಬಿತ್ತನೆ, ಐದಾರು ತಿಂಗಳು ಏನಾದರೊಂದು ಮನೆಗೆ ಬರುತ್ತಲೇ ಇರುತ್ತದೆ.

ರಾಯಚೂರಿನಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಅಷ್ಟಾದರೂ ಸಾಕು, ಆದರೆ ಅದು ಹೇಳಿದ ಹೊತ್ತಿಗೆ ಬರುವುದಿಲ್ಲ. ಜುಲೈನಲ್ಲಿ ಇಪ್ಪತ್ತು ದಿನ ಕೈಕೊಟ್ಟರೆ ಹೆಸರು ಸುಟ್ಟು ಹೋಗುತ್ತದೆ, ಸಜ್ಜೆ ಮುದುಡಿಕೊಂಡು ಕಾಯುತ್ತದೆ. ಸಜ್ಜೆ ತೆನೆ ಹೊತ್ತಾಗ ಜಡಿಮಳೆ ಹಿಡಿದರೆ ಕಾಳು ಕೆಡುತ್ತದೆ, ಅದೇ ಮಳೆಗೆ ತೊಗರಿ ನಗುತ್ತದೆ. ಎಲ್ಲ ಬೆಳೆಯೂ ಒಟ್ಟಿಗೆ ಗೆಲ್ಲುವ ವರ್ಷ ಅಪರೂಪ, ಎಲ್ಲವೂ ಒಟ್ಟಿಗೆ ಸೋಲುವ ವರ್ಷವೂ ಅಪರೂಪ. ಬೆಳೆ ವಿಮೆಗೆ ಈಗ ಪ್ರೀಮಿಯಂ ಕಟ್ಟುತ್ತೇವೆ. ಅಜ್ಜ ಅದನ್ನು ಕಾಳಿನಲ್ಲೇ ಕಟ್ಟುತ್ತಿದ್ದ.

ಮಣ್ಣಿನ ಒಳಗೂ ಇದೇ ಲೆಕ್ಕ ನಡೆಯುತ್ತದೆ. ಸಜ್ಜೆಯ ಬೇರು ಮೇಲ್ಮಣ್ಣಿನಲ್ಲಿ ಜಾಲದ ಹಾಗೆ ಹರಡಿದರೆ ತೊಗರಿಯ ತಾಯಿಬೇರು ಮೀಟರ್‌ಗಿಂತ ಕೆಳಗೂ ಇಳಿಯುತ್ತದೆ, ಹಾಗಾಗಿ ನೀರಿಗೆ ಜಗಳ ಕಡಿಮೆ. ಹೆಸರು ಗಿಡವನ್ನು ಹೂ ಬಿಡುವ ಹೊತ್ತಿಗೆ ಮೆಲ್ಲಗೆ ಕಿತ್ತು ನೋಡಿ, ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತವೆ. ಸೀಳಿದರೆ ಒಳಗೆ ನಸುಗೆಂಪು. ಅದರಲ್ಲಿ ಮನೆ ಮಾಡಿಕೊಂಡಿರುವ ರೈಜೋಬಿಯಂ ಅನ್ನೋ ಸೂಕ್ಷ್ಮಜೀವಿ ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ದಕ್ಕುವ ರೂಪಕ್ಕೆ ತರುತ್ತದೆ. ಯೂರಿಯಾ ಚೀಲಕ್ಕಾಗಿ ಸೊಸೈಟಿ ಮುಂದೆ ಪಾಳಿ ಹಚ್ಚುತ್ತೇವಲ್ಲ, ಅದೇ ಸಾರಜನಕ. ಗಿಡಕ್ಕೆ ಬೇಕಾದದ್ದು ಹೋಗಿ, ಉದುರಿದ ಎಲೆಯಲ್ಲಿ, ಕೊಳೆತ ಬೇರಿನಲ್ಲಿ ಉಳಿದದ್ದು ಮುಂದಿನ ವರ್ಷದ ಸಜ್ಜೆಗೆ. ಇನ್ನು ಹುಳದ ವಿಷಯ. ತೊಗರಿಗೆ ಕಾಯಿಕೊರಕದ ಕಾಟ ಗೊತ್ತೇ ಇದೆ. ನಡುವೆ ಎತ್ತರದ ಸಜ್ಜೆ, ಜೋಳದ ದಂಟು ನಿಂತಿದ್ದರೆ ಹಕ್ಕಿ ಬಂದು ಕೂರುತ್ತವೆ, ಕೂತ ಹಕ್ಕಿ ಸುಮ್ನೆ ಇರುವುದಿಲ್ಲ, ಹುಳ ಆರಿಸುತ್ತದೆ. ಈಗ ಕೃಷಿ ಇಲಾಖೆಯವರೂ ಹಕ್ಕಿ ಕೂರಲು ಕವಲು ಕಡ್ಡಿ ನೆಡಿ ಅಂತಾರೆ.

ಇದು ನಮ್ಮವರು ಮಾತ್ರ ಕಂಡುಕೊಂಡದ್ದು ಅಂತ ಎದೆ ಉಬ್ಬಿಸುವ ಹಾಗಿಲ್ಲ. ಮೆಕ್ಸಿಕೊದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಬಳ್ಳಿ, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುತ್ತಾ ಬಂದಿದ್ದಾರೆ. ಜೋಳದ ದಂಟಿಗೆ ಬಳ್ಳಿ ಹಬ್ಬುತ್ತದೆ, ಬಳ್ಳಿ ಸಾರಜನಕ ಕೊಡುತ್ತದೆ, ಕುಂಬಳದ ಅಗಲ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ. ಅವರು ಅದಕ್ಕೆ ಮಿಲ್ಪಾ ಅಂತಾರೆ. ಬಡ ನೆಲ, ನಂಬಲಾಗದ ಮಳೆ, ಅಂಗಡಿ ಇಲ್ಲದ ಊರು. ಈ ಮೂರೂ ಇದ್ದ ಕಡೆ ಜನ ಒಂದೇ ಥರ ಯೋಚನೆ ಮಾಡಿದ್ದಾರೆ ಅನಿಸುತ್ತದೆ.

ಎರೆ ಹೊಲದ ಪದ್ಧತಿ ಸ್ವಲ್ಪ ಬೇರೆ. ಕರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಮುಂಗಾರಿನಲ್ಲಿ ಬರೀ ಹರಗಿ, ಮಳೆ ಕುಡಿಸಿ, ಹಿಂಗಾರಿಗೆ ಬಿಳಿಜೋಳ ಬಿತ್ತುವುದು. ಆಮೇಲೆ ಇಬ್ಬನಿಯಲ್ಲೇ ಬೆಳೆ ಬರುತ್ತದೆ ಅಂತ ಹಿರಿಯರು ಹೇಳುತ್ತಾರೆ, ನಿಜಕ್ಕೂ ಅದು ಕುಡಿಯುವುದು ಮಣ್ಣೊಳಗೆ ಉಳಿದ ತೇವ. ಜೋಳದ ನಡುವೆ ಕಡಲೆ ಅಕ್ಕಡಿ, ಅಂಚಿಗೆ ಕುಸುಬೆ. ಕುಸುಬೆ ಅಂಚಿಗೆ ಯಾಕೆ ಗೊತ್ತಾ? ಮುಳ್ಳು. ದನ ಒಳಗೆ ನುಗ್ಗುವುದಿಲ್ಲ. ಎಳೆಯದಿದ್ದಾಗ ಅದರ ಸೊಪ್ಪು ಪಲ್ಯಕ್ಕೆ, ಬಲಿತ ಮೇಲೆ ಬೇಲಿ, ಒಣಗಿದ ಮೇಲೆ ಎಣ್ಣೆ.

ಇನ್ನು ಮೈಗೆ ಹತ್ತುವ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಕಬ್ಬಿಣದ ಅಂಶ 0.65 ಮಿಲಿಗ್ರಾಂ. ಜೋಳದಲ್ಲಿ 4ರ ಹತ್ತಿರ, ಸಜ್ಜೆಯಲ್ಲಿ 6.4. ಪ್ರೋಟೀನೂ ಅಕ್ಕಿಯಲ್ಲಿ 8 ಗ್ರಾಂ, ಜೋಳದಲ್ಲಿ 10, ಸಜ್ಜೆಯಲ್ಲಿ 11 ಆಸುಪಾಸು. ಆದರೆ ಜೋಳ ಒಂದೇ ತಿಂದರೂ ಪೂರ್ತಿ ಆಗುವುದಿಲ್ಲ. ಮೈ ಕಟ್ಟಲು ಬೇಕಾದ ಲೈಸಿನ್ ಅನ್ನೋ ಅಂಶ ಜೋಳ, ಸಜ್ಜೆಯಲ್ಲಿ ಕಡಿಮೆ, ತೊಗರಿ, ಹೆಸರು, ಅಲಸಂದಿಯಲ್ಲಿ ಜಾಸ್ತಿ. ರೊಟ್ಟಿ ಜೊತೆ ಕಾಳುಪಲ್ಯ ತಿಂದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಹೊಲದಲ್ಲಿ ಪಕ್ಕಪಕ್ಕ ಬೆಳೆದದ್ದು ತಾಟಿನಲ್ಲೂ ಪಕ್ಕಪಕ್ಕವೇ ಬರುತ್ತಿತ್ತು. ಕಾಳಿನಲ್ಲಿರುವ ಕಬ್ಬಿಣ ಪೂರ್ತಿ ದಕ್ಕುವುದಿಲ್ಲ, ನಿಜ. ಹಿಂಡಿದ ನಿಂಬೆ, ಹಸಿ ಸೊಪ್ಪು ಜೊತೆಗಿದ್ದರೆ ಹೆಚ್ಚು ದಕ್ಕುತ್ತದೆ. ಚಹಾದ ಜೊತೆ ರೊಟ್ಟಿ ಅದ್ದಿ ತಿಂದರೆ ಇನ್ನೂ ಕಡಿಮೆ. ನಮ್ಮ ಕಡೆ ಕೂಲಿಗೆ ಹೋಗುವ ಹೆಣ್ಣುಮಕ್ಕಳ ಬೆಳಗಿನ ಊಟ ಈಗ ಬಹಳ ಮಟ್ಟಿಗೆ ಇದೇ ಆಗಿದೆ.

ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತೇವಲ್ಲ, ಆ ಬುಟ್ಟಿ ಒಂಥರಾ ಹೊಲದ ಜನಗಣತಿ. ಸಜ್ಜೆ ಕಡುಬು, ಖಡಕ್ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಮಡಕಿ ಕಾಳು, ಅಗಸೆ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಭೂಮಿತಾಯಿ ಕೊಟ್ಟದ್ದನ್ನು ಅವಳಿಗೆ ಮೊದಲು ಉಣಿಸುವುದು. ಹೋದ ಸಲ ನಮ್ಮ ದೊಡ್ಡವ್ವ ಬುಟ್ಟಿ ಕಟ್ಟುತ್ತಾ, "ಎಲ್ಲಾ ಅಂಗಡ್ಯಾಗಿಂದು ತಂದೀವಿ ತಮ್ಮಾ, ಆಕಿ ಗುರ್ತ ಹಿಡಿತಾಳೋ ಇಲ್ಲೋ" ಅಂದಳು. ತಮಾಷೆಗೇ ಅಂದದ್ದು.

ಹಾಗಾದರೆ ಅಕ್ಕಡಿ ಹೋಗಿದ್ದು ಹೇಗೆ? ಬರೀ ಅಕ್ಕಿ ಬಂತು ಅಂತ ಹೇಳಿದರೆ ಅರ್ಧ ಸತ್ಯ. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಬರ ತಡೆಯಲು ತೆಳ್ಳಗೆ ನೀರು ಹಂಚಿ ಜೋಳ, ಹತ್ತಿಯಂಥ ಬೆಳೆ ಕಾಯುವುದು ಮೊದಲ ಲೆಕ್ಕ. ಆದರೆ ಕಾಲುವೆ ತಲೆ ಕಡೆ, ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಭತ್ತ ನಿಂತಿತು, ಕೊನೆ ಭಾಗದ ಮಾನ್ವಿ, ರಾಯಚೂರಿನವರು ನೀರಿಗಾಗಿ ಪ್ರತಿ ವರ್ಷ ರಸ್ತೆಗೆ ಇಳಿಯುವ ಹಾಗಾಯಿತು. ಭತ್ತದಲ್ಲಿ ದುಡ್ಡಿದೆ, ಯಾರನ್ನು ಬೈಯುವುದು? ಅತ್ತ ಗದ್ದೆಗಳು ಸವಳಾದವು, ಇತ್ತ ಜಲಾಶಯದಲ್ಲಿ ಹೂಳು ತುಂಬಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಮೂರು ಜಿಲ್ಲೆಯ ಜನ ಉಸಿರು ಹಿಡಿದು ಕೂತಿದ್ದರು. ಒಂದು ಚೈನಿನ ಮೇಲೆ ಅಷ್ಟೊಂದು ಊಟ ನೇತಾಡುತ್ತಿತ್ತು.

ಕಾಲುವೆ ಬಾರದ ನಮ್ಮಂಥ ಊರುಗಳಿಗೆ ಬಂದದ್ದು ಹತ್ತಿ. ದೇಶದಲ್ಲಿ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು. ಮೊದಮೊದಲು ದುಡ್ಡೂ ಬಂತು. ಮಗಳ ಮದುವೆ, ಮನೆ ಸ್ಲ್ಯಾಬು ಎಲ್ಲ ಹತ್ತಿಯ ಹೆಸರಿನಲ್ಲೇ ಆದವು. ಆದರೆ ಹತ್ತಿ ಹೊಲ ಬೇರೆ ಯಾವುದನ್ನೂ ಸಹಿಸುವುದಿಲ್ಲ, ಯಾಕಂದರೆ ವಾರಕ್ಕೊಮ್ಮೆ ಎಣ್ಣೆ, ಅಂದರೆ ಕೀಟನಾಶಕ ಹೊಡೆಯುವ ಕಡೆ ಪುಂಡಿ ಚಿವುಟಿ ತಿನ್ನಲು ಆಗುತ್ತಾ? ಆಮೇಲೆ ಹುಲ್ಲಿನ ಎಣ್ಣೆ, ಅಂದರೆ ಕಳೆನಾಶಕ ಬಂತು. ಕಸ ತೆಗೆಯುವ ಕೂಲಿ ಉಳಿಯಿತು, ಆದರೆ ಕಸ ಅಂತ ನಾವು ಕರೆದದ್ದರಲ್ಲಿ ಹಕ್ಕರಕಿ, ರಾಜಗಿರಿ, ಕಿರಕಸಾಲಿ ಎಲ್ಲ ಇದ್ದವು. ಎಡೆ ಹೊಡೆದು ಮನೆಗೆ ಬರುವ ಹೆಣ್ಣುಮಕ್ಕಳ ಉಡಿಯಲ್ಲಿ ರಾತ್ರಿಯ ಪಲ್ಯ ಇರುತ್ತಿತ್ತು. ಅದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ, ಹಾಗಾಗಿ ಅದು ಹೋದಾಗ ಯಾವ ಲೆಕ್ಕದಲ್ಲೂ ಕಾಣಲಿಲ್ಲ.

ಇನ್ನೊಂದು ಕಾರಣ ಮನೆಯೊಳಗಿನದು, ಗಂಡಸರು ಬರೆದ ಲೇಖನಗಳಲ್ಲಿ ಜಾಸ್ತಿ ಬರುವುದಿಲ್ಲ. ನವಣೆ ಸಿಪ್ಪೆ ತೆಗೆಯುವುದು ಅಂದರೆ ಕುಟ್ಟುವುದು, ಕೇರುವುದು, ಮತ್ತೆ ಕುಟ್ಟುವುದು. ಹಿಂಗಾರಿ ಜೋಳವನ್ನು ಬುಡಸಮೇತ ಕೈಯಲ್ಲೇ ಕೀಳಬೇಕು, ಅಂಗೈ ಬೊಬ್ಬೆ ಬರುತ್ತದೆ. ಈ ಕೆಲಸವೆಲ್ಲ ಯಾರ ಮೇಲೆ ಬೀಳುತ್ತಿತ್ತು ಅಂತ ಹೇಳಬೇಕಾ? ರೇಷನ್ ಅಕ್ಕಿ ತೊಳೆದು ಇಟ್ಟರೆ ಇಪ್ಪತ್ತು ನಿಮಿಷಕ್ಕೆ ಅನ್ನ. ನಮ್ಮ ಅವ್ವ ಅಕ್ಕಿಯನ್ನು ಹೊಗಳುವುದನ್ನು ಕೇಳಿದರೆ ಹಳೆ ಪದ್ಧತಿ ಅಂತ ಭಾಷಣ ಮಾಡುವವರು ಬಾಯಿ ಮುಚ್ಚಬೇಕು.

ಹಕ್ಕಿಯ ಸಮಸ್ಯೆಯೂ ಇದೆ. ಊರಿಗೆಲ್ಲ ಜೋಳ ಇದ್ದಾಗ ಗಿಣಿ, ಗುಬ್ಬಿ ಎಲ್ಲರ ಹೊಲದಲ್ಲೂ ಒಂದಿಷ್ಟು ತಿಂದು ಹೋಗುತ್ತಿದ್ದವು. ಸುತ್ತ ಎಲ್ಲ ಹತ್ತಿ, ನಡುವೆ ಒಬ್ಬರೇ ಒಂದೆಕರೆ ಸಜ್ಜೆ ಹಾಕಿದರೆ ಸೀಮೆಯ ಹಕ್ಕಿಗಳೆಲ್ಲ ಅಲ್ಲೇ. ಮೊದಲು ಅಟ್ಟ ಹತ್ತಿ ಕವಣೆ ಬೀಸುತ್ತಿದ್ದ ಹುಡುಗರು ಈಗ ಶಾಲೆಯಲ್ಲಿದ್ದಾರೆ, ಇರಲೇಬೇಕು. ಅದಕ್ಕೇ ಹೇಳುವುದು, ಒಬ್ಬ ರೈತ ಮನಸ್ಸು ಮಾಡಿದರೆ ಇದು ತಿರುಗುವುದಿಲ್ಲ. ನಾಲ್ಕಾರು ಮನೆ ಸೇರಿ ಒಂದೇ ಕಡೆ ಬಿತ್ತಬೇಕು.

ಹಿಂದೆಲ್ಲ ಬಂಗಾರದ ಕಾಲ ಅಂತ ನಾನು ಹೇಳುತ್ತಿಲ್ಲ. 1876ರಿಂದ 78ರ ತನಕ ಬಂದ ದಾತು ಬರದಲ್ಲಿ ಬಳ್ಳಾರಿ ಸೀಮೆ ಹೆಣದ ರಾಶಿ ಕಂಡಿತು. ಅಕ್ಕಡಿ ಸಾಲು ಆಗಲೂ ಇತ್ತು. ಸಾಲಾಗಿ ಎರಡು ಮೂರು ಮಳೆ ಕೈಕೊಟ್ಟರೆ ಯಾವ ಹೊಲವೂ ಕಾಯುವುದಿಲ್ಲ, ಆಗ ಬೇಕಾಗುವುದು ಹೊರಗಿನ ಕಾಳು, ಅಂದರೆ ರೇಷನ್. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಆ ವರ್ಷ ನಮ್ಮ ಓಣಿಯ ಹತ್ತಿ ಹೊಲಗಳು ಸೊಂಟದೆತ್ತರಕ್ಕೂ ಬರಲಿಲ್ಲ. ಅರ್ಧ ಓಣಿ ಬೀಗ ಹಾಕಿಕೊಂಡು ಬೆಂಗಳೂರಿಗೆ ಗುಳೆ ಹೋಯಿತು. ಹೋದವರೂ ಉಳಿದವರೂ ಉಂಡದ್ದು ರೇಷನ್ ಅಕ್ಕಿಯನ್ನೇ. ನಮ್ಮ ದೊಡ್ಡಪ್ಪನ ಒಂದೆಕರೆ ಸಜ್ಜೆ–ತೊಗರಿಯಲ್ಲಿ ಸಜ್ಜೆ ಎರಡು ಚೀಲ ಆಯಿತು, ತೊಗರಿ ಚೀಲವೂ ತುಂಬಲಿಲ್ಲ. ದುಡ್ಡಿನ ಲೆಕ್ಕದಲ್ಲಿ ಏನೂ ಅಲ್ಲ. ಅವರ ಮನೆಯ ರೊಟ್ಟಿ ಮಾತ್ರ ನಿಲ್ಲಲಿಲ್ಲ, ಎತ್ತಿಗೆ ಮೇವೂ ಸಿಕ್ಕಿತು. ಇಷ್ಟೇ ಅಕ್ಕಡಿಯ ಶಕ್ತಿ, ಇದಕ್ಕಿಂತ ಜಾಸ್ತಿ ಹೇಳಿದರೆ ಸುಳ್ಳು.

ಕೂಡಿಡುವ ಪದ್ಧತಿಯೂ ಹಾಗೆ. ಮೊದಲು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಗುಂಡಿ, ಸುತ್ತ ಸೊಪ್ಪೆ ಹೊದಿಸಿ, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತುವುದು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿದರೆ ಹುಳ ಬದುಕುವುದಿಲ್ಲ. ಅದಕ್ಕೇ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅದೇ ಕಾರಣಕ್ಕೆ ತೆಗೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತದ್ದೂ ಇದೆ, ಮೊದಲು ದೀಪ ಇಳಿಬಿಟ್ಟು ಆರುತ್ತದೋ ಇಲ್ಲವೋ ನೋಡುತ್ತಿದ್ದರು. ಹಳೆಗನ್ನಡದಲ್ಲಿ ಜೋಳವಾಳಿ ಅಂತ ಒಂದು ಮಾತಿದೆ, ಉಂಡ ಜೋಳದ ಋಣ ಅಂತ ಅರ್ಥ. ನಮ್ಮಲ್ಲಿ ಉಪ್ಪಿಗಿಂತ ಮೊದಲು ಜೋಳಕ್ಕೇ ಋಣ ಇತ್ತು ಅನಿಸುತ್ತದೆ.

ಈಗ ಏನು ಮಾಡಬಹುದು? ಹತ್ತಿ ಪೂರ್ತಿ ಬಿಡಿ ಅಂತ ಹೇಳಲು ನನಗೆ ಧೈರ್ಯ ಇಲ್ಲ. ಎರಡೆಕರೆಯಲ್ಲಿ ಅರ್ಧ ಎಕರೆ ಊಟಕ್ಕೆ ಅಂತ ಬಿಟ್ಟರೆ ಸಾಕು. ಖರ್ಚು ನೋಡಿ: ಬಿಟಿ ಹತ್ತಿ ಬೀಜದ ಒಂದು ಪೊಟ್ಟಣ, ಅರ್ಧ ಕಿಲೊಗೂ ಕಡಿಮೆ ಇರುವುದು, 900 ರೂಪಾಯಿ ಆಸುಪಾಸು. ಅದು ಹೈಬ್ರಿಡ್, ಅದರ ಬೀಜ ಮರು ವರ್ಷ ಬಿತ್ತಿದರೆ ಅದೇ ಬೆಳೆ ಬರುವುದಿಲ್ಲ, ಮತ್ತೆ ಕೊಳ್ಳಲೇಬೇಕು. ಸಜ್ಜೆ ಬೀಜ ಎಕರೆಗೆ ಎರಡು ಕಿಲೊ ಕೂಡ ಬೇಡ, ನಾಟಿಯಾದರೆ ಒಮ್ಮೆ ತಂದು ಆರಿಸಿ ಇಟ್ಟುಕೊಳ್ಳಬಹುದು. ಇದಕ್ಕೆ ಕಾನೂನಿನ ಬಲವೂ ಇದೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯ ಪ್ರಕಾರ ರೈತ ತನ್ನ ಬೀಜವನ್ನು ಕೂಡಿಡಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಮಾರಬಹುದು, ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ ಅಷ್ಟೇ.

ಆದರೆ ಬೀಜ ಇಡುವುದು ಒಂದು ವಿದ್ಯೆ. ನಾನು ಒಂದು ವರ್ಷ ಅಂಗಡಿಯ ತೊಗರಿ ಬೀಜ ಬಿತ್ತಿ, ಅರ್ಧಕ್ಕರ್ಧ ಮೊಳಕೆಯೊಡೆಯದೆ ಕೂತಿದ್ದೇನೆ, ರಸೀದಿ ಕೂಡ ಇಟ್ಟುಕೊಂಡಿರಲಿಲ್ಲ. ನಮ್ಮ ಅಜ್ಜಿ ಹಾಗಲ್ಲ. ರಾಶಿಯಿಂದ ಬೀಜ ತೆಗೆಯುತ್ತಿರಲಿಲ್ಲ, ಬೆಳೆ ನಿಂತಿರುವಾಗಲೇ ಹೊಲ ಸುತ್ತಿ ಒಳ್ಳೆ ತೆನೆಗೆ ದಾರ ಕಟ್ಟಿ ಬರುತ್ತಿದ್ದಳು. ಆಮೇಲೆ ಬಿಸಿಲಿಗೆ ಒಣಗಿಸಿ, ಬೂದಿ, ಬೇವಿನ ಎಲೆ ಕಲಸಿ ಮಣ್ಣಿನ ಗಡಿಗೆಯಲ್ಲಿ. ಬೀಜ ಹೆಂಗಸರ ಕೈಯಲ್ಲಿ ಇದ್ದಷ್ಟು ದಿನ ಅದು ಮನೆ ಬಿಟ್ಟು ಹೋಗಲಿಲ್ಲ.

ಮೇಲಿನವರು ಮಾಡಬೇಕಾದ್ದೂ ಇದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಅಕ್ಕಿ ಕಿಲೊಗೆ 3, ಗೋಧಿ 2, ಒರಟು ಧಾನ್ಯ 1 ರೂಪಾಯಿ ಅಂತ ಬರೆದಿದ್ದರು, ಅಂದರೆ ಜೋಳ, ಸಜ್ಜೆ ಕೊಡಲು ಕಾನೂನು ಅಡ್ಡಿಯಿಲ್ಲ. ಆ "ಒರಟು" ಹೆಸರನ್ನು 2018ರಲ್ಲಿ ತೆಗೆದು ಪೌಷ್ಟಿಕ ಧಾನ್ಯ ಅಂದರು, 2023ನ್ನು ಇಡೀ ಜಗತ್ತೇ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಪಟ್ಟಣದ ಅಂಗಡಿಯಲ್ಲಿ ನವಣೆ ಅಕ್ಕಿಯ ದರ ಏರಿತು, ಬೆಳೆಯುವವರ ತಾಟಿಗೆ ಮಾತ್ರ ಬರಲಿಲ್ಲ. 2025–26ಕ್ಕೆ ಮಾಲದಂಡಿ ಅನ್ನೋ ತಳಿಯ ಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಆ ಬೆಲೆಗೆ ಇಲ್ಲೇ ಕೊಂಡು ಇಲ್ಲಿನ ರೇಷನ್ ಅಂಗಡಿ, ಹಾಸ್ಟೆಲ್, ಅಂಗನವಾಡಿಗೆ ಕೊಟ್ಟರೆ ಲಾರಿ ಬಾಡಿಗೆಯೂ ಉಳಿಯುತ್ತದೆ. ಎಲ್ಲಕ್ಕಿಂತ ಮೊದಲು ನಾಲ್ಕಾರು ಊರಿಗೆ ಒಂದಾದರೂ ನವಣೆ ಸಿಪ್ಪೆ ತೆಗೆಯುವ ಗಿರಣಿ ಬೇಕು. ಅದಿಲ್ಲದೆ ಸಿರಿಧಾನ್ಯ ತಿನ್ನಿ ಅಂತ ಹೇಳುವುದು ಹೆಂಗಸರಿಗೆ ಮತ್ತೆ ಒನಕೆ ಕೊಟ್ಟ ಹಾಗೆ.

ಈ ಮುಂಗಾರಿಗೆ ನಾವು ಮೂರು ಮನೆಯವರು ಸೇರಿ ಒಂದೇ ಪಟ್ಟಿಯಲ್ಲಿ ಅಕ್ಕಡಿ ಹಾಕಬೇಕು ಅಂತ ಮಾತಾಡಿಕೊಂಡಿದ್ದೇವೆ. ಸಜ್ಜೆ, ತೊಗರಿ, ಹೆಸರು, ಅಲಸಂದಿ ಬೀಜ ಸಿಕ್ಕವು. ಮಡಕಿ ಬೀಜಕ್ಕೆ ಲಿಂಗಸುಗೂರು, ಮುದಗಲ್ ಎರಡೂ ಕಡೆ ತಿರುಗಿದೆ, ಇಲ್ಲ. ಕೊನೆಗೆ ಸಿಕ್ಕಿದ್ದು ಪಕ್ಕದ ತಾಂಡಾದ ಒಬ್ಬ ಮುದುಕಿಯ ಗಡಿಗೆಯಲ್ಲಿ. ದುಡ್ಡು ತೆಗೆದರೆ ಬೇಡ ಅಂದಳು. ಒಂದು ಸೇರು ಅಳೆದು ಕೊಟ್ಟು, ಸುಗ್ಗಿ ಆದ ಮೇಲೆ ಎರಡು ಸೇರು ತಂದು ಕೊಡಬೇಕು ಅಂತ ಹೇಳಿ ಕಳಿಸಿದ್ದಾಳೆ.